ತಪ್ಪು ಬಣ್ಣದ ಬಿಷಪ್

‘ಡ್ರಾ ಆಯ್ತು’ ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತೆ, ಮಳೆ ಬಂದು ಮ್ಯಾಚ್ ನಿಂತುಹೋದ ಹಾಗೆ. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್–ಕರುವಾನಾ ಲಂಡನ್ನಿನಲ್ಲಿ ಆಡಿದ 12 ಕ್ಲಾಸಿಕಲ್ ಆಟಗಳೂ ಡ್ರಾ. ದೊಡ್ಡವರ ಮಾತು ಬಿಡಿ. ನಮ್ಮಂಥ ಕ್ಲಬ್ ಮಟ್ಟದವರ ಡ್ರಾ ಬೇರೆಯೇ ಜಾತಿ. ಅಲ್ಲಿ ಯಾರೋ ಒಬ್ಬರು ಸೋಲಲೇಬೇಕಿತ್ತು, ಸೋತಿರುವುದಿಲ್ಲ ಅಷ್ಟೇ.

ಹೋದ ಸೆಮ್‌ನಲ್ಲಿ ನಾವು ಇನ್ನೊಂದು ಕಾಲೇಜಿನ ಮೇಲೆ ನಾಲ್ಕು ಬೋರ್ಡಿನ ಪಂದ್ಯ ಆಡಿದೆವು. ಮೂರು ಮುಗಿದು 2–1 ಮುಂದಿದ್ದೆವು. ಕೊನೇ ಬೋರ್ಡಿನಲ್ಲಿ ಅರ್ಧ ಪಾಯಿಂಟ್ ಸಿಕ್ಕರೆ ಪಂದ್ಯ ನಮ್ಮದು. ಆದರೆ ಅಲ್ಲಿ ನಮ್ಮ ಮೆಕ್ಯಾನಿಕಲ್ ಹುಡುಗನ ಬಳಿ ಉಳಿದದ್ದು ರಾಜ, ಒಂದು ಕುದುರೆ. ಎದುರಿನವನ ಬಳಿ ರಾಜ, ಬಿಳಿ ಮನೆಗಳ ಬಿಷಪ್ (ಚಿಕ್ಕಂದಿನಲ್ಲಿ ನಾವೆಲ್ಲ ಒಂಟೆ ಅಂತಿದ್ದೆವಲ್ಲ, ಅದೇ), ಜೊತೆಗೆ ಜಿ, ಎಚ್ ಸಾಲಿನ ಎರಡು ಪಾನ್.

ಇವನು ಕುದುರೆ ಕೊಟ್ಟು ಜಿ ಪಾನ್ ಹೊಡೆದುಬಿಟ್ಟ. ಹಿಂದೆ ನಿಂತಿದ್ದ ಯಾರೋ “ಮುಗೀತು ಗುರೂ” ಅಂದ.

ಮುಗಿದಿರಲಿಲ್ಲ. ಅಂಚಿನ ಪಾನ್ ಮಂತ್ರಿಯಾಗಬೇಕಾದ ಮನೆ ಎಚ್8, ಅದು ಕಪ್ಪು. ಬಿಳಿ ಮನೆಗಳ ಬಿಷಪ್ ಇಡೀ ಬೋರ್ಡ್ ಓಡಾಡಿದರೂ ಆ ಮನೆಯನ್ನು ಮುಟ್ಟಲಾರದು. ರಾಜ ಆ ಮೂಲೆಯಲ್ಲಿ ಕೂತರೆ ಎಬ್ಬಿಸೋರೇ ಇಲ್ಲ. ನಮ್ಮವನ ರಾಜ ಅಲ್ಲಿಗೆ ಎರಡೇ ಹೆಜ್ಜೆ ದೂರ ಇತ್ತು. ಹೋಗಿ ಕೂತ.

ಆಮೇಲೆ ಎಚ್8, ಜಿ8, ಮತ್ತೆ ಎಚ್8. ಎದುರಿನವನು ಬಿಷಪ್‌ನ ಈ ಕಡೆಯಿಂದ ತಂದ, ಆ ಕಡೆಯಿಂದ ತಂದ. ಪಾನ್ ನಡೆಸದೆ, ಕಾಯಿ ಹೊಡೆಯದೆ 50 ನಡೆ ಕಳೆದರೆ ಡ್ರಾ ಕೇಳಬಹುದು. ಅಷ್ಟು ದೂರ ಹೋಗಲಿಲ್ಲ. ಪಾನ್ ಎಚ್7ಕ್ಕೆ ತಳ್ಳಿದ, ಕಾಯಲು ರಾಜನನ್ನು ಜಿ6ಕ್ಕೆ ತಂದ. ನಮ್ಮವನಿಗೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್.

“ನನ್ ಹತ್ರ ಬಿಷಪ್ ಇದೆಯಲ್ರೀ!” ಅಂದ ಆ ಹುಡುಗ. ಪಾಪ, ಕಣ್ಣು ಕೆಂಪಾಗಿತ್ತು.

ನಾವು ಕುಣಿಯುತ್ತಿದ್ದೆವು. ನಮ್ಮವನು ಮಾತ್ರ ಏಳಲಿಲ್ಲ. ಕಾಯಿಗಳನ್ನು ನಾಲ್ಕು ನಡೆ ಹಿಂದಕ್ಕೆ ಜೋಡಿಸಿ, ಬಿಷಪ್‌ನ ಪಕ್ಕದ ಕಪ್ಪು ಮನೆಗೆ ಸರಿಸಿ, “ಈಗ ಆಡಿ, ನೀವೇ ಗೆಲ್ತೀರಾ” ಅಂದ. ಅವನು ಗೆದ್ದ. ಇನ್ನೊಂದು ಸಲ ಜೋಡಿಸಿದರು. ಕೆಳಗೆ ಬಸ್ಸಿನ ಡ್ರೈವರ್ ಹಾರನ್ ಹೊಡೀತಾನೇ ಇದ್ದ.