ಕೊಟ್ಟಾಯದ ಪೆಸಹಾ ಅಪ್ಪ

ಕೇರಳದ ಕೊಟ್ಟಾಯಂ ಪಟ್ಟಣಕ್ಕೆ ಹೋದವರು, 1550ರಲ್ಲಿ ಸ್ಥಾಪಿತವಾದ ವಲಿಯ ಪಳ್ಳಿಯೆಂಬ ಇಗರ್ಜಿಯಲ್ಲಿ ಪಹ್ಲವೀ ಲಿಪಿಯ ಪ್ರಾಚೀನ ಶಿಲಾಶಿಲುಬೆಗಳನ್ನು ನೋಡುವರು. ನಾವೂ ನೋಡಿದೆವು. ಆದರೆ ಅಲ್ಲಿಯ ಸಿರಿಯನ್ ಕ್ರೈಸ್ತರ ಮಕ್ಕಳು ತಮ್ಮ ಮತದ ಸಾರವನ್ನು ಮೊದಲು ಕಲಿಯುವುದು ಅಡುಗೆಯ ಮನೆಯಲ್ಲಿ.

ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ, ಯೇಸುವಿನ ಕಡೆಯ ಭೋಜನದ ಸ್ಮರಣಾರ್ಥವಾಗಿ, ಅಕ್ಕಿಹಿಟ್ಟಿಗೆ ಉದ್ದನ್ನೂ ತೆಂಗಿನಕಾಯಿಯನ್ನೂ ಅರೆದು ಸೇರಿಸಿ, ಹುಳಿಬರಗೊಡದೆ ಹಬೆಯಲ್ಲಿ ಬೇಯಿಸುವರು. ಇದೇ ಪೆಸಹಾ ಅಪ್ಪ. ಹಿಂದಿನ ಭಾನುವಾರ ಇಗರ್ಜಿಯಿಂದ ತಂದ ಗರಿಯ ಶಿಲುಬೆಯನ್ನು ಅದರ ಮೇಲಿಡುವರು. ಪ್ರಾರ್ಥನೆಯಾದ ಮೇಲೆ ಯಜಮಾನನು ಕತ್ತರಿಸಿ, ಹಿರಿಯರು ಮೊದಲಾಗಿ ಎಲ್ಲರಿಗೂ, ಬೆಲ್ಲ ಬೆರೆಸಿದ ತೆಂಗಿನಹಾಲಿನೊಡನೆ ಹಂಚುವನು. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವ ವಾಡಿಕೆಯಿಲ್ಲ. ನೆರೆಯವರು ಒಯ್ದು ಕೊಡುವರು.

ನಾವು ಅತಿಥಿಗಳಾಗಿದ್ದ ಮನೆಯ 8 ವರ್ಷದ ಬಾಲೆಯು ಅಂತಹ ಮನೆಯೊಂದಕ್ಕೆ ಅಪ್ಪವನ್ನು ಕೊಟ್ಟುಬಂದಿದ್ದಳು. ಭಾನುವಾರ ಹಬ್ಬದ ಪಾಲಪ್ಪಕ್ಕೆಂದು ಕಲಸಿದ ಹಿಟ್ಟು ಹುಳಿಬಂದು ಉಬ್ಬಿತ್ತು.

"ಗುರುವಾರದ ಹಿಟ್ಟು ಏಕೆ ಉಬ್ಬಲಿಲ್ಲ?" ಎಂದಳು.

"ಐಗುಪ್ತದ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಹಿಟ್ಟು ಹುಳಿಬರುವಷ್ಟು ಬಿಡುವಿರಲಿಲ್ಲ ಮಗಳೇ, ಅದು ಆ ರಾತ್ರಿಯ ನೆನಪು. ಇಂದು ಸ್ವಾಮಿಯು ಸಮಾಧಿಯಿಂದ ಎದ್ದ ದಿನ," ಎಂದರು ಅಜ್ಜಿ.

"ಹಾಗಾದರೆ ಆ ಮನೆಯ ಅಜ್ಜನೂ ಏಳುವರೇ?"

"ಏಳುವರೆಂದೇ ನಮ್ಮ ನಂಬಿಕೆ."

ಉದ್ದಾಲಕನು ಕಾಣದ ಸದ್ವಸ್ತುವನ್ನು ನೀರಿನಲ್ಲಿ ಕರಗಿದ ಉಪ್ಪಿನಿಂದ ಶ್ವೇತಕೇತುವಿಗೆ ತಿಳಿಸಿದನೆಂದು ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಅಜ್ಜಿಯವರಿಗೆ ಹಿಟ್ಟಿನ ಪಾತ್ರೆಯೊಂದೇ ಸಾಕಾಯಿತು.