ಕಡಪ ಕಲ್ಲಿನೊಳಗಿನ ಬಿಲ

ಗ್ರಾನೈಟ್ ಬರುವ ಮೊದಲು ನಮ್ಮ ಕಡೆಯ ಅಡುಗೆಮನೆಗಳಲ್ಲಿ ಒಲೆಯ ಕಟ್ಟೆಗೆ ಹಾಸುತ್ತಿದ್ದುದು ಕಡಪ ಕಲ್ಲು. ಕಪ್ಪು ಬಣ್ಣ, ನುಣುಪು ಮೈ, ಕೈಗೆಟಕುವ ಬೆಲೆ. ಆದರೆ ಅದರ ಮೇಲೆ ನಿಂಬೆಹಣ್ಣು ಹೆಚ್ಚಿ ಹಾಗೆಯೇ ಬಿಟ್ಟರೆ ಮರುದಿನ ಬೆಳ್ಳನೆಯ ಮಚ್ಚೆಯೊಂದು ಕಾಣುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅದು ಅಂಟಿದ ಕಲೆಯಲ್ಲ, ಹುಳಿಗೆ ಕಲ್ಲೇ ಕರಗಿದ ಗುರುತು. ಕಡಪ ಕಲ್ಲೆಂದರೆ ಸುಣ್ಣಕಲ್ಲು.

ನಿಂಬೆರಸದ ಜಾಗದಲ್ಲಿ ಮಳೆನೀರನ್ನೂ, ಒಂದು ರಾತ್ರಿಯ ಜಾಗದಲ್ಲಿ ಲಕ್ಷಾಂತರ ವರ್ಷಗಳನ್ನೂ ಇಟ್ಟು ನೋಡಿ. ಆಗ ಸಿಗುವುದೇ ಬೆಲುಂ ಗುಹೆ. ಆಂಧ್ರಪ್ರದೇಶದ ಕೊಲಿಮಿಗುಂಡ್ಲ ಮಂಡಲದಲ್ಲಿ, ತಾಡಪತ್ರಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಮೊದಲು ಕರ್ನೂಲು ಜಿಲ್ಲೆಗೆ ಸೇರಿದ್ದ ಈ ಭಾಗ 2022ರಿಂದ ನಂದ್ಯಾಲ ಜಿಲ್ಲೆಯದಾಗಿದೆ.

ಗುಹೆಯೆಂದರೆ ಬೆಟ್ಟ ಹತ್ತಬೇಕು ಎಂದುಕೊಂಡು ಹೋದವರಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ. ಬೆಲುಂ ಇರುವುದು ಸಮತಟ್ಟಾದ ಬಯಲಿನ ನಡುವೆ. ನೆಲದಲ್ಲಿ ಬಾವಿಯಂತಹ ದೊಡ್ಡ ಗುಂಡಿಗಳಿವೆ, ಅದರೊಳಕ್ಕೆ ಮೆಟ್ಟಿಲುಗಳಿವೆ, ಅಷ್ಟೆ. ‘ಬಿಲ’ ಎಂಬ ಸಂಸ್ಕೃತ ಪದದಿಂದಲೇ ಬೆಲುಂ ಎಂಬ ಹೆಸರು ಬಂತೆನ್ನುತ್ತಾರೆ. ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮಾರು 20 ಮೀಟರ್ ಇಳಿದ ಮೇಲೆ ದಾರಿ ಅಡ್ಡಡ್ಡಲಾಗಿ ಸಾಗುತ್ತದೆ. ಕೆಲವೆಡೆ ಮದುವೆ ಚಪ್ಪರ ಹಾಕುವಷ್ಟು ಅಗಲ, ಕೆಲವೆಡೆ ತಲೆ ಬಗ್ಗಿಸಿ, ಹೊಟ್ಟೆಯನ್ನೂ ಒಳಗೆಳೆದುಕೊಂಡು ನುಸುಳಬೇಕು. ಗೋಡೆಗಳು ಕುಂಬಾರ ಕೈಯಾಡಿಸಿದಂತೆ ದುಂಡಗೆ, ನುಣ್ಣಗೆ ಇವೆ. ಇಲ್ಲಿ ಒಂದು ಕಾಲಕ್ಕೆ ನೀರು ಹರಿಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಸೇರಿ ಅದನ್ನು ಕರಗಿಸುತ್ತದೆ. ಬಿರುಕು ಓಣಿಯಾಗುತ್ತದೆ, ಓಣಿ ಹಜಾರವಾಗುತ್ತದೆ. ಮುಂದೆ ನೀರು ಇಳಿದು ಗುಹೆಯೊಳಗೆ ಗಾಳಿ ತುಂಬಿದಾಗ ಇದೇ ಕ್ರಿಯೆ ಹಿಂದುಮುಂದಾಗುತ್ತದೆ. ಚಾವಣಿಯಿಂದ ತೊಟ್ಟಿಕ್ಕುವ ಹನಿ ತನ್ನಲ್ಲಿದ್ದ ಅನಿಲವನ್ನು ಬಿಟ್ಟುಕೊಟ್ಟು, ಜೊತೆಗೆ ಹೊತ್ತು ತಂದಿದ್ದ ಸುಣ್ಣವನ್ನೂ ಅಲ್ಲೇ ಇಳಿಸಿ ಹೋಗುತ್ತದೆ. ಕೋಟಿಲಿಂಗಾಲು ಎಂಬ ಕೋಣೆಯಲ್ಲಿ ಹೀಗೆ ಹುಟ್ಟಿದ ನೂರಾರು ಕಲ್ಲುಗಳನ್ನು ಜನ ಶಿವಲಿಂಗಗಳೆಂದು ಕೈಮುಗಿಯುತ್ತಾರೆ. ರಸಾಯನಶಾಸ್ತ್ರ ಹೇಳಿಕೊಡುವ ನನಗೂ ಅಲ್ಲಿ ಚಪ್ಪಲಿ ಕಾಲಲ್ಲಿ ನಿಲ್ಲಲು ಮುಜುಗರವೇ ಆಯಿತು. ಎಲ್ಲಕ್ಕಿಂತ ಆಳದ ಜಾಗ ಪಾತಾಳಗಂಗೆ. ಅಲ್ಲಿ ಸಣ್ಣ ತೊರೆಯೊಂದು ಕಲ್ಲಿನೊಳಗೆ ಹೊಕ್ಕು ಮಾಯವಾಗುತ್ತದೆ.

ಗುಹೆಯ ಒಟ್ಟು ಉದ್ದ 3,229 ಮೀಟರ್. ನನ್ನ ಜೊತೆಗಿದ್ದ ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ, “ಸಾರ್, ಇದನ್ನು ಅಳೆದವರು ಯಾರು? ಹೇಗೆ ಅಳೆದರು?” ಪ್ರವಾಸದಲ್ಲಿ ತಿಂಡಿಯ ವಿಷಯ ಬಿಟ್ಟು ಬೇರೆ ಪ್ರಶ್ನೆ ಬರುವುದು ಅಪರೂಪ. ಹಾಗಾಗಿ ಅಲ್ಲೇ ನಿಂತು ವಿವರಿಸಿದೆ.

1884ರಲ್ಲಿ ಈ ಗುಹೆಯನ್ನು ದಾಖಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ, ಅಂದರೆ ಸಂಬಳ ಪಡೆದು ಕಲ್ಲು ನೋಡಿದವರು. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಹುಡುಕಿ ಹೆಸರಾದವರೂ ಇವರೇ. ನಮ್ಮ ಬಳ್ಳಾರಿ ಸೀಮೆಯ ಗುಡ್ಡಗಳನ್ನು ಸುತ್ತಿದರು, ನಂತರ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲೂ ಕೆಲಸ ಮಾಡಿದರು. ಆಮೇಲೆ ಸುಮಾರು ನೂರು ವರ್ಷ ಬೆಲುಂ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1982-83ರಲ್ಲಿ ಜರ್ಮನಿಯ ಹರ್ಬರ್ಟ್ ಡೇನಿಯಲ್ ಗೆಬಾಯರ್ ತಮ್ಮ ತಂಡದೊಡನೆ ಬಂದು ಒಳಗೆಲ್ಲ ತೆವಳಿ ನಕ್ಷೆ ಬರೆದರು.

ಅವರ ಬಗೆಯ ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಟೇಪು, ಒಂದು ದಿಕ್ಸೂಚಿ, ಇಳಿಜಾರಿನ ಕೋನ ನೋಡುವ ಸಾಧನ, ಒದ್ದೆಯಾಗದ ನೋಟ್‌ಪುಸ್ತಕ. ಒಬ್ಬ ದೀಪ ಹಿಡಿದು ಮುಂದಿನ ತಿರುವಿನಲ್ಲಿ ನಿಲ್ಲುತ್ತಾನೆ, ಇನ್ನೊಬ್ಬ ಅವನವರೆಗಿನ ದೂರ, ದಿಕ್ಕು, ಕೋನ ಬರೆದುಕೊಳ್ಳುತ್ತಾನೆ. ಟೇಪು 10 ಮೀಟರ್, ಇಳಿಜಾರು 30 ಡಿಗ್ರಿ ಇದ್ದರೆ 5 ಮೀಟರ್ ಕೆಳಗಿಳಿದಿದ್ದೇವೆ, ಮುಂದಕ್ಕೆ ಹೋದದ್ದು 8.66 ಮೀಟರ್. “ತ್ರಿಕೋನಮಿತಿ ಯಾಕೆ ಕಲಿಯಬೇಕು ಎಂದು ಕೇಳುತ್ತಿದ್ದೆಯಲ್ಲ, ಇದಕ್ಕೇ” ಎಂದೆ. ಒಂದು ಸಲಕ್ಕೆ ಸರಾಸರಿ 10 ಮೀಟರ್ ಎಂದು ಹಿಡಿದರೂ ಬೆಲುಂ ಮುಗಿಸಲು 320ಕ್ಕಿಂತ ಹೆಚ್ಚು ಸಲ ಹೀಗೆ ನಿಂತು ಅಳೆಯಬೇಕು, ಅದೂ ಸೆಖೆಯಲ್ಲಿ, ಕೆಸರಿನಲ್ಲಿ, ಕತ್ತಲಲ್ಲಿ. ಉಪಗ್ರಹದ ಕಣ್ಣು ನೆಲದಡಿಯ ಓಣಿಗಳನ್ನು ಕಾಣದು, ಜಿಪಿಎಸ್ ಸಂಕೇತ ಕಲ್ಲು ತೂರಿ ಬರದು. ಗುಹೆಯ ನಕ್ಷೆ ಬೇಕೆಂದರೆ ಇಂದಿಗೂ ಮನುಷ್ಯನೇ ಒಳಗೆ ಹೋಗಬೇಕು.

ಹೀಗೆ ಒಳಗೆ ಹೋದವರಲ್ಲಿ ವೃತ್ತಿಪರರಿಗಿಂತ ಹವ್ಯಾಸಿಗಳ ಪಾಲೇನೂ ಕಡಿಮೆಯಲ್ಲ. ಗುಹಾ ವಿಜ್ಞಾನದ ಜನಕನೆಂದು ಕರೆಸಿಕೊಂಡ ಫ್ರಾನ್ಸಿನ ಮಾರ್ತೆಲ್ ಓದಿದ್ದು ಕಾನೂನು. ಮೇಘಾಲಯದಲ್ಲಿ 1992ರಿಂದ ದೇಶವಿದೇಶದ ಗುಹಾಸಕ್ತರು ಸೇರಿ ಕಿಲೋಮೀಟರುಗಟ್ಟಲೆ ಗುಹೆಗಳನ್ನು ಅಳೆದಿದ್ದಾರೆ. ಅಲ್ಲಿನ ಮಾಮ್‌ಲು ಗುಹೆಯ ಒಂದು ಸುಣ್ಣದ ಕಂಬವನ್ನು ಪದರ ಪದರವಾಗಿ ಓದಿದ ವಿಜ್ಞಾನಿಗಳಿಗೆ ಸುಮಾರು 4,200 ವರ್ಷಗಳ ಹಿಂದಿನ ಮಳೆಯ ಅಭಾವದ ಗುರುತು ಸಿಕ್ಕಿತು. ಅಲ್ಲಿಂದ ಇಂದಿನವರೆಗಿನ ಭೂಕಾಲಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರೇ ಅಧಿಕೃತವಾಯಿತು. ನಮ್ಮ ದೇಶದ ಒಂದು ಕಲ್ಲುಕಂಬದಿಂದ ಜಗತ್ತಿನ ಕಾಲಪಟ್ಟಿಗೆ ಹೆಸರು ಸಿಕ್ಕಿದೆ. ಇದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಆದ್ದರಿಂದಲೇ ಬೆಲುಂನ ಸಪ್ತಸ್ವರ ಗುಹೆಯಲ್ಲಿ ಜನ ಕಲ್ಲಿನ ಜೋಲುಗಳನ್ನು ಬಡಿದು ನಾದ ಕೇಳುವುದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ನಾದವೇನೋ ಇಂಪಾಗಿದೆ. ಆದರೆ ಒಂದು ಜೋಲು ಮುರಿದರೆ ಸಾವಿರಾರು ವರ್ಷಗಳ ಮಳೆಯ ಲೆಕ್ಕಪುಸ್ತಕ ಹರಿದಂತೆ. ಕೈಯ ಜಿಡ್ಡು ತಾಗಿದ ಕಡೆ ಹನಿಯ ಸುಣ್ಣ ಸರಿಯಾಗಿ ಕೂರುವುದಿಲ್ಲ. ಬಣ್ಣದ ದೀಪಗಳೂ ನನಗೆ ಹಿಡಿಸಲಿಲ್ಲ. ಕತ್ತಲ ಜಾಗಕ್ಕೆ ಸದಾ ಬೆಳಕು ಕೊಟ್ಟರೆ ಪಾಚಿಗೆ ಆಹ್ವಾನ ಕೊಟ್ಟಂತೆ. ಹಾಗೆಂದು ಪ್ರವಾಸೋದ್ಯಮವನ್ನೇ ಬೈಯುವಂತಿಲ್ಲ. ಸುತ್ತಲ ಜನ 1980ರ ದಶಕದವರೆಗೂ ಈ ಗುಹೆಗೆ ಕಸ ಸುರಿಯುತ್ತಿದ್ದರು. ಊರಿನ ಕೆಲವರ ಓಡಾಟದಿಂದ ಅದು ನಿಂತು, 1999ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ವಹಿಸಿಕೊಂಡು, 2002ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಟಿಕೆಟ್ ಇಟ್ಟ ಮೇಲೆ ಕಸದ ಗುಂಡಿಗೆ ಕಾವಲುಗಾರ ಬಂದ.

ನೋಡಲು ಬಿಡುವುದು ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ. ಯಂತ್ರದಿಂದ ಗಾಳಿ ಹಾಯಿಸಿದರೂ ಒಳಗೆ ಬೆವರು ಧಾರಾಕಾರವಾಗಿ ಇಳಿಯುತ್ತದೆ. ಉಬ್ಬಸ ಇರುವವರು ಯೋಚಿಸಿ ಇಳಿಯಬೇಕು, ಉಳಿದವರು ಹತ್ತಿ ಬಟ್ಟೆ ಹಾಕಿಕೊಂಡು ಹೋಗುವುದು ಒಳ್ಳೆಯದು. ರೈಲಿನಲ್ಲಿ ಗುಂತಕಲ್ಲು, ಗುತ್ತಿ ದಾಟಿ ತಾಡಪತ್ರಿಯಲ್ಲಿ ಇಳಿದು ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಹೋಗಬಹುದು. ಮರಳುವಾಗ ಸಮಯ ಉಳಿದರೆ ತಾಡಪತ್ರಿಯಲ್ಲಿ ವಿಜಯನಗರ ಕಾಲದ ಚಿಂತಲ ವೆಂಕಟರಮಣ ಮತ್ತು ಬುಗ್ಗ ರಾಮಲಿಂಗೇಶ್ವರ ದೇವಾಲಯಗಳಿವೆ.