ಕಾಲು ಮಾತ್ರೆಯ ಭಾರ

ಮಾತ್ರೆ ನುಂಗಿರೆಂದು ಹೇಳುವವರು ಊರು ತುಂಬ ಇದ್ದಾರೆ. ನುಂಗಬೇಡಿರೆಂದು ಹೇಳುವವರು ಅದಕ್ಕಿಂತ ಹೆಚ್ಚು. ಆದರೆ ನುಂಗುತ್ತಿದ್ದುದನ್ನು ಬಿಡುವುದು ಹೇಗೆಂದು ಬಲ್ಲವರು ಕಡಿಮೆ. ಅದೂ ಆ ಮಾತ್ರೆ ಮನಸ್ಸಿಗೆ ಸಂಬಂಧಪಟ್ಟದ್ದಾದರೆ ಮಾತೇ ಬೇರೆ. ನನ್ನ ಮನೆಯಾಕೆ ಹನ್ನೆರಡು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ನುಂಗುತ್ತಾಳೆ. "ಇನ್ನೂ ಎಷ್ಟು ದಿನ?" ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ನಾನು ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆಂಬುದು ಹೇಗೋ ಹೊರಬಿದ್ದ ಮೇಲೆ ಆ ಪ್ರಶ್ನೆಯನ್ನು ಕೇಳದವರೇ ಇಲ್ಲ.

ನಾನು ಕನ್ನಡ ಪಂಡಿತನಾಗಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ಮಾತ್ರೆ ಎಂದೊಡನೆ ನನಗೆ ನೆನಪಾಗುತ್ತಿದ್ದುದು ಛಂದಸ್ಸು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು; ಸ್ವರವಿಲ್ಲದ ವ್ಯಂಜನಕ್ಕೆ ಅರ್ಧ. ಕಾಲು ಮಾತ್ರೆಯೆಂಬುದನ್ನು ನಾನು ಓದಿದ ವ್ಯಾಕರಣದಲ್ಲಿ ಕಂಡಿರಲಿಲ್ಲ. ಅದನ್ನು ಕಲಿತದ್ದು ನಿವೃತ್ತನಾದ ಮೇಲೆ, ನನ್ನ ಮಗಳ ವಯಸ್ಸಿನ ಒಬ್ಬ ಮನೋವೈದ್ಯೆಯಿಂದ.

ಸಂಗತಿ ಇಷ್ಟು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆ ಎದ್ದಿದ್ದಾಗ, ಸಾಗರದ ಕಡೆ ತೋಟ ಮಾಡಿಕೊಂಡಿದ್ದ ನನ್ನ ತಮ್ಮ ತೀರಿಕೊಂಡ. ಕೊನೆಗೆ ಅವನ ಮುಖವನ್ನು ನಾನು ನೋಡಿದ್ದು ಮಗಳು ತೋರಿಸಿದ ಫೋನಿನಲ್ಲಿ. ಅಂದು ಅತ್ತೆನೆಂಬ ನೆನಪಿಲ್ಲ. ಅಳುವುದಕ್ಕೆ ಬೇಕಾದ ನಾಲ್ಕು ಜನ ಬಂಧುಗಳೂ ಒಂದೆಡೆ ಸೇರುವಂತಿರಲಿಲ್ಲ. ಆ ವರ್ಷ ದೀಪಾವಳಿಯ ಹೊತ್ತಿಗೆ ನಡುರಾತ್ರಿ ಎಚ್ಚರವಾಗುವುದು, ಎದೆ ಡವಡವನೆ ಹೊಡೆದುಕೊಳ್ಳುವುದು, ಅಂಗೈ ಬೆವರಿ ಇನ್ನೇನು ಪ್ರಾಣವೇ ಹೋಯಿತೆಂಬ ಭಯ ಹಿಡಿಯುವುದು ಆರಂಭವಾಯಿತು. ಹೃದಯದ ಪರೀಕ್ಷೆಯಾಯಿತು, ಹೃದಯ ನೆಟ್ಟಗಿತ್ತು. ಥೈರಾಯಿಡ್ಡಿನ ಪರೀಕ್ಷೆಯಾಯಿತು; ಅದೂ ನೆಟ್ಟಗಿತ್ತು. ಕೊನೆಗೆ ಆ ವೈದ್ಯೆ ಎಸ್ಸಿಟಾಲೋಪ್ರಾಂ ಎಂಬ ಮಾತ್ರೆಯನ್ನು ಬರೆದುಕೊಟ್ಟರು. ಮೊದಲು 5 ಮಿಲಿಗ್ರಾಂ, ಆಮೇಲೆ 10.

ಆ ಮಾತ್ರೆಯನ್ನು ನಾನು ದೂರುವುದಿಲ್ಲ. ಮೂರು ನಾಲ್ಕು ವಾರಗಳಲ್ಲಿ ನಿದ್ದೆ ಬಂತು; ಮನೆಯಿಂದ ಹೊರಗೆ ಕಾಲಿಟ್ಟೆ; ಬ್ಯಾಂಕಿನ ಸರದಿಯಲ್ಲಿ ನಿಲ್ಲುವ ಧೈರ್ಯ ಬಂತು. ಈ ಜಾತಿಯ ಔಷಧಗಳ ಕಥೆ ಆರಂಭವಾದದ್ದೇ ಒಂದು ಆಕಸ್ಮಿಕದಿಂದ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಮದ್ದನ್ನು ಕೊಟ್ಟು ನೋಡಿದರಂತೆ. ಹಾಸಿಗೆ ಹಿಡಿದವರು ಎದ್ದು ನಗುನಗುತ್ತ ಓಡಾಡತೊಡಗಿದರು. ಎದೆಗೆಂದು ಕೊಟ್ಟದ್ದು ಮನಸ್ಸಿಗೂ ತಟ್ಟಿತ್ತು. ನಮ್ಮಲ್ಲಿಯೂ ಮನಸ್ಸಿನ ಕಾಯಿಲೆ ಕಾಯಿಲೆಯೇ ಎಂದು ತಿಳಿಹೇಳಿದವರು ಇಲ್ಲದಿಲ್ಲ. ಕೊರವಂಜಿಯ ರಾಶಿ, ಅಂದರೆ ಡಾಕ್ಟರ್ ಶಿವರಾಂ, ಕನ್ನಡಿಗರನ್ನು ನಗಿಸಿದ್ದಲ್ಲದೆ 'ಮನಮಂಥನ'ವನ್ನೂ ಬರೆದರು. 1976ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಪುಸ್ತಕ ನನ್ನ ಕಪಾಟಿನಲ್ಲಿತ್ತು. ಆದರೂ ಔಷಧದ ಅಂಗಡಿಯಲ್ಲಿ ಚೀಟಿಯನ್ನು ಮಡಿಸಿಯೇ ಕೊಡುತ್ತಿದ್ದೆ.

ಎರಡು ವರ್ಷ ನೆಮ್ಮದಿಯಾಗಿ ಕಳೆದ ಮೇಲೆ, 2024ರ ಫೆಬ್ರವರಿಯಲ್ಲಿ, ಮಾತ್ರೆ ಬಿಡಬಹುದೇ ಎಂದು ವೈದ್ಯೆಯನ್ನು ಕೇಳಿದೆ. ನನಗಿದ್ದ ಕಾರಣ ಒಂದೇ. ನೆಮ್ಮದಿಯೇನೋ ಇದೆ, ಅದು ನನ್ನದೋ ಮಾತ್ರೆಯದೋ ತಿಳಿಯದು. ಭಯ ಕಡಿಮೆಯಾದಂತೆ ಉಳಿದವೂ ಒಂದಿಷ್ಟು ಕಡಿಮೆಯಾಗಿದ್ದವು. ಮೊಮ್ಮಗು ಹುಟ್ಟಿದ ಸುದ್ದಿಗೂ ವಿದ್ಯುತ್ ಬಿಲ್ಲಿಗೂ ನನ್ನ ಮುಖ ಒಂದೇ ಬಗೆಯಾಗಿರುತ್ತದೆಂದು ಮನೆಯಾಕೆ ಒಮ್ಮೆ ಹೇಳಿದಳು. ತಮಾಷೆಗೆ ಹೇಳಿದ್ದಲ್ಲ.

"ಬಿಡಬಹುದು ಸಾರ್," ಎಂದರು ವೈದ್ಯೆ. "ಆದರೆ ವರ್ಷ ಹಿಡಿಯಬಹುದು."

ವರ್ಷವೇ! ನಾನು ಹದಿನೈದು ದಿನವೆಂದು ಎಣಿಸಿದ್ದೆ. ಪಕ್ಕದ ಮನೆಯ ರಾಯರಂತೂ ದಿನ ಬಿಟ್ಟು ದಿನ ತೆಗೆದುಕೊಂಡು ವಾರದಲ್ಲಿ ಮುಗಿಸಿ ಎಂದಿದ್ದರು. ಅದನ್ನು ಹೇಳಿದಾಗ ವೈದ್ಯೆ ತಲೆಯಾಡಿಸಿದರು. ಈ ಮಾತ್ರೆಯ ಅರ್ಧ ಪಾಲು ಸುಮಾರು ಮೂವತ್ತು ಗಂಟೆಗಳಲ್ಲಿ ರಕ್ತದಿಂದ ಹೊರಟುಹೋಗುತ್ತದೆ. ದಿನ ಬಿಟ್ಟು ದಿನ ತೆಗೆದುಕೊಂಡರೆ ಇಳಿಯುವುದು, ಏರುವುದು, ಮತ್ತೆ ಇಳಿಯುವುದು. ಮಿದುಳಿಗೆ ಅದು ಔಷಧ ಬಿಡುವುದಾಗುವುದಿಲ್ಲ, ಉಯ್ಯಾಲೆಯಾಗುತ್ತದೆ.

ಅನಂತರ ಅವರು ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿದರು. 2019ರಲ್ಲಿ ಲಂಡನ್ನಿನ ಹೊರೊವಿಟ್ಜ್ ಮತ್ತು ಟೇಲರ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ವಿವರಿಸಿದ ಗೆರೆ ಅದು. ಅದನ್ನು ನಾನು ನನಗೆ ತಿಳಿದ ಭಾಷೆಗೆ ತಿರುಗಿಸಿಕೊಂಡಿದ್ದೇನೆ. ಮದುವೆಯ ಮನೆಯಲ್ಲಿ ನೂರು ಎಲೆ ಹಾಕಿದೆಯೆನ್ನಿ. ಸಿರೊಟೋನಿನ್ ಎಂಬ ದ್ರವ್ಯವನ್ನು ನರದ ತುದಿ ಮರಳಿ ಹೀರಿಕೊಳ್ಳುವ ಬಾಗಿಲುಗಳೇ ಆ ಎಲೆಗಳು. ಮಾತ್ರೆ ಬಂದು ಅವುಗಳ ಮುಂದೆ ಕೂರುತ್ತದೆ. ಎಸ್ಸಿಟಾಲೋಪ್ರಾಮಿನ ಮೂಲ ಸಿಟಾಲೋಪ್ರಾಂ. ಅದರ ಲೆಕ್ಕ ಹೀಗೆ: ಮೂರೂವರೆ ಮಿಲಿಗ್ರಾಮಿನಷ್ಟು ಬಂದರೇ ಐವತ್ತು ಎಲೆ ತುಂಬುತ್ತವೆ. 9 ಮಿಲಿಗ್ರಾಮಿಗೆ ಎಪ್ಪತ್ತು. 20ಕ್ಕೆ ಎಂಬತ್ತು. 40 ಕೊಟ್ಟರೂ ಎಂಬತ್ತಾರನ್ನು ದಾಟದು. ಮಿಕ್ಕವರು ನೂಕುನುಗ್ಗಲಿನಲ್ಲಿ ನಿಂತಿರುತ್ತಾರೆ. ಈಗ ಇಳಿಸುತ್ತ ಬನ್ನಿ. 40ನ್ನು 20ಕ್ಕೆ ಇಳಿಸಿದರೆ ಪಂಕ್ತಿಯಿಂದ ಏಳುವವರು ಐದಾರು ಮಂದಿ, ಬಡಿಸುವವರಿಗೂ ತಿಳಿಯುವುದಿಲ್ಲ. ಕೊನೆಯ ಮೂರೂವರೆಯನ್ನು, ಇಷ್ಟು ಚೂರು ತಾನೇ ಎಂದು ಒಂದೇ ಸಲ ನಿಲ್ಲಿಸಿದರೆ ಐವತ್ತು ಜನ ಒಟ್ಟಿಗೆ ಎದ್ದುಬಿಡುತ್ತಾರೆ. ಊಟದ ಮನೆಯ ಗತಿಯೇನು!

ಹಿಂದೆ ಬಹುಮಟ್ಟಿಗೆ ನಾಲ್ಕು ವಾರಗಳಲ್ಲಿ ಬಿಡಿಸಬಹುದೆಂಬ ಎಣಿಕೆಯಿತ್ತಂತೆ. ಬಿಟ್ಟೊಡನೆ ಗಾಬರಿ ಬಂದರೆ, ನೋಡಿ, ಹಳೆಯ ರೋಗ ಮರಳಿತು ಎಂದು ಮತ್ತೆ ಮಾತ್ರೆ. ಇಂಗ್ಲೆಂಡಿನ ಮನೋವೈದ್ಯರ ರಾಯಲ್ ಕಾಲೇಜು 2020ರಲ್ಲಿ, ಮೆಲ್ಲನೆ ಇಳಿಯುವ ಮೆಟ್ಟಿಲುಗಳನ್ನು ತೋರಿಸಿ, ಜನಸಾಮಾನ್ಯರಿಗಾಗಿಯೇ ಒಂದು ತಿಳಿವಳಿಕೆ ಪತ್ರವನ್ನು ಹೊರಡಿಸಿತು. ಎಲ್ಲರಿಗೂ ಇಷ್ಟು ಕಷ್ಟವಾಗುವುದಿಲ್ಲ. ಏನೂ ಆಗದೆ ಬಿಟ್ಟವರು ಬಹಳ ಮಂದಿ ಇದ್ದಾರೆ. ಬಿಡಲೇಬಾರದವರೂ ಇದ್ದಾರೆ, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಯಾರು ಯಾವ ಕಡೆಯವರೆಂಬುದನ್ನು ಪಕ್ಕದ ಮನೆಯ ರಾಯರು ನಿರ್ಧರಿಸುವುದಕ್ಕಾಗುವುದಿಲ್ಲ, ಅಷ್ಟೆ.

ನನ್ನ ಇಳಿತ ಹೀಗೆ ನಡೆಯಿತು. ಹತ್ತರಿಂದ ಏಳೂವರೆ, ಏಳೂವರೆಯಿಂದ ಐದು: ಎರಡು ತಿಂಗಳು, ಯಾವ ತೊಂದರೆಯೂ ಇಲ್ಲ. ನಾನು ಉಬ್ಬಿದೆ. ಎರಡೂವರೆಗೆ ಇಳಿದ ಮೂರನೆಯ ದಿನ, ಪೇಪರಿನಿಂದ ಕಣ್ಣು ಎತ್ತಿ ಬಾಗಿಲ ಕಡೆ ನೋಡಿದೆ. ತಲೆಯೊಳಗೆ ಚುರಕ್ಕೆಂದು ವಿದ್ಯುತ್ತು ಹರಿದಂತಾಯಿತು. ಆ ವಾರವೆಲ್ಲ ಅದೇ. ರಾತ್ರಿ ಬಣ್ಣಬಣ್ಣದ ಕನಸು. ಒಂದರಲ್ಲಿ ನಾನು ಹಳೆಗನ್ನಡದ ಪರೀಕ್ಷೆಗೆ ಪಂಚೆಯಿಲ್ಲದೆ ಹೋಗಿದ್ದೆ. ವೈದ್ಯೆ ಮೊದಲೇ ಗುರುತು ಹೇಳಿಕೊಟ್ಟಿದ್ದರು: ಇಳಿಸಿದ ಕೆಲವೇ ದಿನಗಳಲ್ಲಿ, ಹಿಂದೆಂದೂ ಕಾಣದ ಇಂಥ ಲಕ್ಷಣಗಳೊಡನೆ ಬಂದರೆ ಅದು ಬಹುಶಃ ಔಷಧ ಬಿಡುವ ತೊಂದರೆ, ವಾರಗಳು, ತಿಂಗಳುಗಳು ಕಳೆದು ಹಳೆಯ ವೇಷದಲ್ಲಿಯೇ ಮೆಲ್ಲನೆ ಬಂದರೆ ರೋಗ. ಈ ಗುರುತು ನನಗೆ ದೊಡ್ಡ ಆಸರೆಯಾಯಿತು. ಬಾಗಿಲು ತಟ್ಟುತ್ತಿರುವವರು ಯಾರೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಎರಡು ವಾರಕ್ಕೆ ಅದು ತಣ್ಣಗಾಯಿತು; ಮತ್ತೂ ಆರು ವಾರ ಅಲ್ಲಿಯೇ ನಿಂತೆವು.

ಈ ನಡುವೆ 'ಸ್ವಾಭಾವಿಕ' ಉಪಾಯಗಳ ಸುರಿಮಳೆ. ರಾಯರು ಅಶ್ವಗಂಧದ ಡಬ್ಬಿಯನ್ನೇ ತಂದುಕೊಟ್ಟರು. ಅದನ್ನು ತೆಗೆದುಕೊಂಡ ಕೆಲವರಿಗೆ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳಿವೆಯೆಂದೂ, ಒಂದನ್ನು ಬಿಡುವಾಗ ಇನ್ನೊಂದನ್ನು ಹಿಡಿಯುವುದು ಬೇಡವೆಂದೂ ವೈದ್ಯೆ ತಡೆದರು. ಗಿಡದ್ದಲ್ಲವೇ, ಸ್ವಾಭಾವಿಕ, ಏನಾಗುತ್ತದೆ ಎಂದು ರಾಯರ ವಾದ. ಉಮ್ಮತ್ತದ ಕಾಯಿಯೂ ಸ್ವಾಭಾವಿಕವೇ. ನಾನು ಅದನ್ನು ಅವರಿಗೆ ಹೇಳಲಿಲ್ಲ.

ನಾನು ಮಾಡಿದ್ದು ಇಷ್ಟೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವುದು. ಮಳೆಯಿರಲಿ, ನಿದ್ದೆ ಬಂದಿರಲಿ ಬಿಡಲಿ, ಒಂದೇ ಹೊತ್ತಿಗೆ ಏಳುವುದು. ಕುವೆಂಪು ನಡೆದ ಏರಿಯಲ್ಲಿ ನಡೆದರೆ ಕವಿತೆ ಬರುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಕೂತು ಏನೂ ಮಾಡದೆ ಇರುವುದನ್ನು ನೋಡುವುದೂ ಒಂದು ಚಿಕಿತ್ಸೆಯೇ ಇರಬೇಕು. ಎದೆ ಹೊಡೆದುಕೊಂಡಾಗ ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರನ್ನು ಉದ್ದ ಮಾಡುವುದು. ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಇದು ದೇಹದ ನಿಯಮ. ನಾನು ಲಘು–ಗುರು ಎಂದು ಎಣಿಸಿಕೊಳ್ಳುತ್ತಿದ್ದೆ: ಎಳೆಯುವುದಕ್ಕೆ ಮೂರು ಮಾತ್ರೆ, ಬಿಡುವುದಕ್ಕೆ ಆರು. ಮಧ್ಯಾಹ್ನದ ಎರಡನೆಯ ಕಾಫಿಯನ್ನು ಬಿಟ್ಟೆ. ಈ ವಿಷಯದಲ್ಲಿ ನನಗೆ ಇನ್ನೂ ದುಃಖವಿದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ಚಿಂತೆಯ ಪುಸ್ತಕ. ಹಗಲೆಲ್ಲ ಬರುವ ಚಿಂತೆಗಳನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಸಂಜೆ ಐದೂವರೆಯಿಂದ ಕಾಲು ಗಂಟೆ ಅವುಗಳನ್ನೇ ಕೂತು ಚಿಂತಿಸಬೇಕು. ಬೇರೆ ಹೊತ್ತಿನಲ್ಲಿ ಬಂದರೆ ಸಂಜೆ ಬಾ ಎಂದು ಕಳಿಸಬೇಕು. ಕೇಳಿದಾಗ ನಕ್ಕಿದ್ದೆ. ಮಾಡಿದಾಗ ಕಂಡದ್ದೇನೆಂದರೆ, ಬೆಳಿಗ್ಗೆ ಹುಲಿಯಂತೆ ಬಂದ ಚಿಂತೆ ಸಂಜೆ ಹೊತ್ತಿಗೆ ಬರುವುದಕ್ಕೇ ಮರೆಯುತ್ತದೆ. "ಗ್ಯಾಸ್ ಸೋರುತ್ತಿರಬಹುದು" ಎಂದು ಬರೆದದ್ದನ್ನು ಐದೂವರೆಗೆ ಓದಿ, ಇದಕ್ಕೆ ಕಾಲು ಗಂಟೆ ಹೇಗಪ್ಪಾ ತುಂಬಿಸುವುದೆಂದು ತಿಣುಕಿದ ದಿನಗಳಿವೆ.

ಆಗಸ್ಟಿನಲ್ಲಿ ಕಾಲು ಮಾತ್ರೆಗೆ ಬಂದೆ. ಐದು ಮಿಲಿಗ್ರಾಮಿನ ಗುಳಿಗೆಯ ನಾಲ್ಕನೆಯ ಒಂದು ಪಾಲು. ಅಂಗೈಯಲ್ಲಿಟ್ಟರೆ ಅಕ್ಕಿಯ ನುಚ್ಚಿನಷ್ಟು. ಕತ್ತರಿಸುವ ಪುಟ್ಟ ಡಬ್ಬಿಯೊಂದನ್ನು ತಂದಿದ್ದೆವು. ಆ ಕೆಲಸ ಮನೆಯಾಕೆಯದು. ಬೆಂಡೆಕಾಯಿ ಹೆಚ್ಚುವಾಗಲೂ ಅವಳು ಅಷ್ಟು ಗಮನವಿಟ್ಟದ್ದನ್ನು ನಾನು ಕಂಡಿಲ್ಲ.

ದಸರೆಗೆ ಮೈಸೂರು ಸಿದ್ಧವಾಗುತ್ತಿದ್ದ ದಿನಗಳು. ಊಟಕ್ಕೆ ಕೂತಿದ್ದೆ, ಉಪ್ಪಿನಕಾಯಿಯ ಜಾಡಿ ಎದುರಿಗಿತ್ತು. ತಮ್ಮ ಪ್ರತಿವರ್ಷ ಅಪ್ಪೆಮಿಡಿ ಕಳಿಸುತ್ತಿದ್ದ. ಕೊನೆಯದಾಗಿ ಕಳಿಸಿದ ಜಾಡಿ ಅದು. ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಅವನ ಕೈಬರಹ: "ಅಪ್ಪೆಮಿಡಿ. 2020. ಉಪ್ಪು ಮುಂದಾಗಿದೆ ಅಣ್ಣಯ್ಯ, ಬೈಯಬೇಡ." ಅವನು ಹೋದ ಮೇಲೆ ಆ ಚೀಟಿಯನ್ನು ನಾನು ಮೂರು ವರ್ಷದಿಂದ ದಿನವೂ ನೋಡುತ್ತಿದ್ದೆ. ನೋಡುತ್ತಿದ್ದೆ ಎಂದರೆ ಅಕ್ಷರಗಳನ್ನು ಓದುತ್ತಿದ್ದೆ. ಆ ದಿನ 'ಬೈಯಬೇಡ' ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ತುತ್ತು ಮೇಲೇಳಲಿಲ್ಲ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಎಂಜಲು ಕೈ ಒಣಗಿಹೋಗಿತ್ತು.

ಮನೆಯಾಕೆ ಹೆದರಿಬಿಟ್ಟಳು. "ರೀ, ಬೇಡ, ಮತ್ತೆ ಪೂರ್ತಿ ಮಾತ್ರೆಗೇ ಹೋಗೋಣ," ಎಂದು ಅವಳೂ ಅಳುತ್ತಲೇ ವೈದ್ಯೆಗೆ ಫೋನು ಮಾಡಿದಳು. ಮರುದಿನವೂ ಅತ್ತೆ, ಅದರ ಮರುದಿನವೂ. ನನಗೂ ಭಯವಾಗಿತ್ತೆಂದೇ ಹೇಳಬೇಕು. ಇದು ಹಳೆಯ ಕಾಯಿಲೆ ಮರಳುವ ದಾರಿಯಾಗಿದ್ದರೆ? ಆ ನಡುರಾತ್ರಿಗಳನ್ನು ಇನ್ನೊಮ್ಮೆ ದಾಟುವ ಶಕ್ತಿ ನನಗಿರಲಿಲ್ಲ.

ವೈದ್ಯೆ ಅವಸರಪಡಲಿಲ್ಲ. ನಿದ್ದೆ ಬರುತ್ತದೆಯೇ? ಬರುತ್ತದೆ. ಊಟ ರುಚಿಸುತ್ತದೆಯೇ? ರುಚಿಸುತ್ತದೆ. ಕೆರೆಗೆ ಹೋಗುತ್ತೀರಾ? ಹೋಗುತ್ತೇನೆ. ಬದುಕುವುದು ಬೇಡವೆನಿಸುತ್ತದೆಯೇ? ಇಲ್ಲ. ಅತ್ತ ಮೇಲೆ ಹೇಗಿರುತ್ತದೆ? ಸ್ವಲ್ಪ ಯೋಚಿಸಿ, "ಹಗುರವಾಗಿರುತ್ತದೆ, ಹಸಿವಾಗುತ್ತದೆ," ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಸಾರ್, ನಿಮ್ಮ ತಮ್ಮನಿಗಾಗಿ ನೀವು ಅತ್ತದ್ದು ಯಾವಾಗ?"

ನಾನು ಉತ್ತರ ಕೊಡಲಿಲ್ಲ, ಮನೆಯಾಕೆ ಕೊಟ್ಟಳು: "ಈಗಲೇ."

ಈ ಮಾತ್ರೆಗಳು ಕೆಲವರಲ್ಲಿ ಭಯದ ಜೊತೆಗೆ ಮಿಕ್ಕ ಭಾವಗಳ ಮೊನೆಯನ್ನೂ ಮೊಂಡು ಮಾಡುವುದುಂಟು ಎಂದು ಅವರು ವಿವರಿಸಿದರು. ಪ್ರಮಾಣವನ್ನು ಏರಿಸಲಿಲ್ಲ, ಇಳಿಸಲೂ ಇಲ್ಲ. ಮೂರು ವಾರ ಹಾಗೆಯೇ ಇರೋಣ, ಹದಗೆಟ್ಟರೆ ಅದೇ ದಿನ ಬನ್ನಿ ಎಂದರು. ಮಾತ್ರೆ ನನ್ನ ಅಳುವನ್ನು ಕದ್ದಿತ್ತೆಂದು ಹೇಳಿದರೆ ಅನ್ಯಾಯವಾದೀತು. ಆ ಹೊತ್ತಿಗೆ ಅಳುವ ತ್ರಾಣವೂ ನನ್ನಲ್ಲಿರಲಿಲ್ಲ. ಅದು ಎಲ್ಲಿಯೋ ಜೋಪಾನವಾಗಿ ಇಟ್ಟು, ಲೆಕ್ಕ ತಪ್ಪದೆ ಹಿಂದಿರುಗಿಸಿತು ಎಂದೂ ಹೇಳಬಹುದು. ಬಡ್ಡಿ ಸೇರಿಸಿಯೇ ಕೊಟ್ಟಿತು. ಆ ಅಕ್ಟೋಬರಿನಲ್ಲಿ ಸಾಗರಕ್ಕೆ ಹೋಗಿ ಬಂದೆ. ತಮ್ಮನ ಹೆಂಡತಿ ಹೊಸ ಮಿಡಿಯ ಜಾಡಿ ಕೊಟ್ಟಳು; ಉಪ್ಪು ಹದವಾಗಿತ್ತು.

ಡಿಸೆಂಬರಿನಲ್ಲಿ ಕಾಲು ಮಾತ್ರೆಯೂ ಅರ್ಧವಾಯಿತು. ಅದನ್ನು ಕತ್ತರಿಸಿದರೆ ಚೂರಿಗಿಂತ ಪುಡಿಯೇ ಹೆಚ್ಚು. ದೊಡ್ಡದೊಂದು ಸಣ್ಣದೊಂದು ಆದಾಗ ಇವತ್ತಿಗೆ ಯಾವುದೆಂದು ನಮ್ಮಿಬ್ಬರಿಗೂ ಚರ್ಚೆ. ಪೂರ್ತಿ ನಿಲ್ಲಿಸಿದ್ದು 2025ರ ಯುಗಾದಿಯ ಹಿಂದಿನ ವಾರ. ಬೇವುಬೆಲ್ಲ ತಿನ್ನುವಾಗ ರಾಯರು ಬಂದು, "ನೋಡಿದಿರಾ, ಮನಸ್ಸು ಗಟ್ಟಿ ಮಾಡಿದರೆ ಎಲ್ಲ ಆಗುತ್ತದೆ," ಎಂದರು.

ಎದೆ ಈಗಲೂ ಒಮ್ಮೊಮ್ಮೆ ಡವಗುಟ್ಟುತ್ತದೆ. ಬೆಂಗಳೂರಿನ ರೈಲಿನಲ್ಲಿ ಒಮ್ಮೆ ಹಾಗಾಗಿ ಮಂಡ್ಯ ದಾಟುವವರೆಗೂ ಮೂರು ಮಾತ್ರೆ, ಆರು ಮಾತ್ರೆ ಎಣಿಸಿದೆ. ಮದ್ದೂರಿನಲ್ಲಿ ವಡೆ ತಿಂದೆ. ಮತ್ತೆ ಬೇಕಾದರೆ ಮಾತ್ರೆ ಆರಂಭಿಸಲು ಹಿಂಜರಿಯಬೇಡಿ ಎಂದು ವೈದ್ಯೆ ಹೇಳಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಕಷ್ಟವಾದರೆ ಮಾತನಾಡಲು ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಚೀಟಿ ನನ್ನ ಪರ್ಸಿನಲ್ಲಿದೆ. ಅದರ ಹಿಂಬದಿಯಲ್ಲಿ ಮನೆಯಾಕೆ ದೇವರಾಜ ಮಾರುಕಟ್ಟೆಯಿಂದ ತರಬೇಕಾದ ತರಕಾರಿಯ ಪಟ್ಟಿ ಬರೆದಿದ್ದಾಳೆ.